ಕೈ ಕಂಡರೆ ಬೆಚ್ಚುತ್ತಿದ್ದ ಕಾಕಟೀಲ್: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಒಂದು ಮನೆ. ಅಮ್ಮ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾರೆ, ಮಗಳು ಆರನೇ ತರಗತಿ, ಜೊತೆಗೆ ಅಜ್ಜಿ. ಈ ಮೂವರ ಮನೆಗೆ ಸುಮಾರು ಎರಡು ವರ್ಷದ ಗಂಡು ಕಾಕಟೀಲ್ ಬಂತು, ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿ ಜಾತಿಯ ಹಕ್ಕಿ. ಬೂದು ಮೈ, ಹಳದಿ ಮುಖ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ಹೆಸರು ಮುತ್ತು. ಮೊದಲು ಸಾಕಿದವರು ಕೆಲಸದ ಮೇಲೆ ವಿದೇಶಕ್ಕೆ ಹೊರಟಿದ್ದರು. ಹಕ್ಕಿ, ಪಂಜರ, ಕಾಳಿನ ಡಬ್ಬ ಎಲ್ಲವನ್ನೂ ಒಟ್ಟಿಗೆ ಕೊಟ್ಟು, "ತುಂಬಾ ಸಾಧು, ಕೈಗೆ ಮಾತ್ರ ಬರಲ್ಲ" ಅಂದಿದ್ದರು.

ಬಂದ ಮೊದಲ ವಾರದಲ್ಲೇ ಹಕ್ಕಿ ಹುಡುಗಿಯ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು. ನೀರಿನ ಬಟ್ಟಲು ಬದಲಿಸಲು ಯಾರಾದರೂ ಕೈ ಹಾಕಿದರೆ ಪಂಜರದ ಸರಳಿಗೆ ಅಪ್ಪಳಿಸಿಕೊಳ್ಳುತ್ತಿತ್ತು. ಎದುರುಮನೆಯವರು ಬಂದು, "ದಿನಾ ಅರ್ಧ ಗಂಟೆ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳಿ, ಆಮೇಲೆ ತಾನೇ ದಾರಿಗೆ ಬರುತ್ತೆ" ಎಂದು ಸಲಹೆ ಕೊಟ್ಟರು. ಹಾಗೆ ಮಾಡಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಹಕ್ಕಿ ಸಾಕುವವರಿಗೆ ನಾನು ಒಂದಿಷ್ಟು ನೆರವಾಗುತ್ತೇನೆಂದು ಯಾರೋ ಹೇಳಿದ್ದರಂತೆ. ಹಾಗಾಗಿ ನನ್ನನ್ನು ಕರೆದರು.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕಾರಣವಿದೆ. ಹಕ್ಕಿಯನ್ನು ಹೊಸದಾಗಿ ತಂದವರೆಲ್ಲ ಕೇಳುವುದು "ಕೈಗೆ ಯಾವಾಗ ಬರುತ್ತೆ?" ಅಂತ. ಹಕ್ಕಿ "ಬೇಡ" ಅಂದಾಗ ನಾವು ನಿಲ್ಲಿಸುತ್ತೇವಾ ಅನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮುತ್ತುವಿನ ವಿಷಯದಲ್ಲಿ ಬದಲಾವಣೆ ಶುರುವಾದದ್ದೇ ಅಲ್ಲಿಂದ.

ಹಿಂದಿನ ಮನೆಯಲ್ಲಿ ನಡೆದದ್ದು

ಮೊದಲು ಹಳೆಯ ಮಾಲೀಕರಿಗೆ ಫೋನ್ ಮಾಡಿಸಿ, ದಿನಚರಿ ಹೇಗಿತ್ತು ಎಂದು ವಿಚಾರಿಸಿದೆ. ಅವರು ಕೆಟ್ಟವರೇನಲ್ಲ. ದಿನಾ ಸಂಜೆ ಹಕ್ಕಿಯನ್ನು ಹಾಲ್‌ನಲ್ಲಿ ಹೊರಗೆ ಬಿಡುತ್ತಿದ್ದರು. ರಾತ್ರಿ ವಾಪಸ್ ಪಂಜರಕ್ಕೆ ಹಾಕಬೇಕಲ್ಲ? ಅದು ತಾನಾಗಿ ಬರುತ್ತಿರಲಿಲ್ಲ. ಆಗ ಒಂದು ಬಟ್ಟೆ ಎಸೆದು, ಹಿಡಿದು ಒಳಗೆ ಹಾಕುತ್ತಿದ್ದರು. ಎರಡು ವರ್ಷ ಹೆಚ್ಚುಕಡಿಮೆ ದಿನಾ ಇದೇ ನಡೆದಿದೆ. ಹಕ್ಕಿಯ ಕಡೆಯಿಂದ ಲೆಕ್ಕ ಹಾಕಿ. ಕೈ ಹತ್ತಿರ ಬಂತು ಅಂದರೆ ಮೇಲಿಂದ ಬಟ್ಟೆ ಬೀಳುತ್ತೆ, ಮೈ ಅಮುಕಿ ಹೋಗುತ್ತೆ, ಹೊರಗಿನ ಸುಖ ಮುಗಿಯುತ್ತೆ. ಕೈಯ ಬಗ್ಗೆ ಅದು ಕಲಿತ ಪಾಠ ಪಕ್ಕಾ ಆಗಿತ್ತು.

ಇನ್ನೊಂದು ವಿಷಯ ರೆಕ್ಕೆ. ಹಾರಿ ಹೋಗದಿರಲಿ ಎಂದು ಎಡ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದ್ದರು. ಒಂದೇ ಕಡೆ ಕತ್ತರಿಸಿದರೆ ಹಕ್ಕಿಗೆ ತೂಕ ಸರಿದೂಗುವುದಿಲ್ಲ. ಹಾರಲು ಹೊರಟರೆ ಸುತ್ತು ಹೊಡೆದು ನೆಲಕ್ಕೆ ಎದೆ ಬಡಿಯುತ್ತೆ. ಓಡಿಹೋಗಲು ಆಗುವುದಿಲ್ಲ ಎಂದು ಗೊತ್ತಿರುವ ಹಕ್ಕಿಗೆ ಉಳಿಯುವುದು ಕಚ್ಚುವ ದಾರಿಯೊಂದೇ. ರೆಕ್ಕೆ ಕತ್ತರಿಸಿದ ಹಕ್ಕಿ ಬೇಗ ಪಳಗುತ್ತೆ ಎಂದು ಅಂಗಡಿಯವರು ಈಗಲೂ ಹೇಳುತ್ತಾರೆ. ನಾನು ಕಂಡಂತೆ ಹಾಗೆ ಮಾಡಿದ ಹಕ್ಕಿ ಬೇಗ ಸುಮ್ಮನಾಗುತ್ತೆ, ಅಷ್ಟೆ. ಸುಮ್ಮನಾಗುವುದೂ ಪಳಗುವುದೂ ಒಂದೇ ಅಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹುಡುಗಿ ಗಣಪತಿ ಸಚ್ಚಿದಾನಂದ ಆಶ್ರಮದ ಗಿಳಿಧಾಮ ಶುಕವನ ನೋಡಿ ಬಂದ ಮೇಲೆ ಮೊದಲು ಕೇಳಿದ್ದು ಹಸಿರು ಗಿಳಿಯನ್ನಂತೆ. ಅಮ್ಮ ಬೇಡ ಅಂದದ್ದು ಒಳ್ಳೆಯದಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಎಲ್ಲವೂ ಅಪರಾಧ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು. ಈಗ ಸಾಕುವವರ ಹತ್ತಿರ ಇರುವುದೆಲ್ಲ ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗಳು. ಮಕಾವ್, ಆಫ್ರಿಕನ್ ಗ್ರೇ ತರಹದ ವಿದೇಶಿ ಗಿಳಿ ಇಟ್ಟುಕೊಂಡವರು ಮಾತ್ರ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಮೊದಲ ದಿನ ಕಂಡದ್ದು

ಪಂಜರ ಬಾಲ್ಕನಿಯಲ್ಲಿತ್ತು, ಅದೂ ಒಂದು ಗಿಡ್ಡ ಸ್ಟೂಲಿನ ಮೇಲೆ. ಗಾಳಿ ಬೆಳಕು ಚೆನ್ನಾಗಿರುತ್ತೆ ಎಂಬ ಒಳ್ಳೆಯ ಉದ್ದೇಶವೇ. ಆದರೆ ಅಲ್ಲಿಗೆ ಕಾಗೆ ಬರುತ್ತಿತ್ತು, ಮೇಲೆ ಹದ್ದುಗಳು ಸುತ್ತುತ್ತಿದ್ದವು. ಮನೆಯವರು ಹತ್ತಿರ ಬಂದಾಗಲೆಲ್ಲ ಹಕ್ಕಿಯ ನೆತ್ತಿಯ ಮೇಲೆ ಬಾಗಿ ನಿಲ್ಲುತ್ತಿದ್ದರು.

ಕಾಕಟೀಲ್ ಕಾಡಿನಲ್ಲಿ ಹೇಗೆ ಬದುಕುತ್ತೆ ಅಂತ ಗೊತ್ತಾದರೆ ಇದರ ಕಷ್ಟ ಅರ್ಥವಾಗುತ್ತೆ. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಲ್ಲಿ ಇವು ಗುಂಪಾಗಿ ಓಡಾಡುತ್ತವೆ. ನೆಲದ ಮೇಲಿನ ಹುಲ್ಲಿನ ಬೀಜ ಹೆಕ್ಕಿ ತಿನ್ನುತ್ತವೆ. ತೊಂಬತ್ತು ನೂರು ಗ್ರಾಂ ತೂಗುವ ಈ ಹಕ್ಕಿಗೆ ಸಾವು ಸಾಮಾನ್ಯವಾಗಿ ಬರುವುದು ಮೇಲಿಂದ, ಗಿಡುಗದ ರೂಪದಲ್ಲಿ. ಅದಕ್ಕೇ ಮೇಲಿಂದ ಬರುವ ಯಾವುದೇ ವಸ್ತು ಕಂಡರೂ ಹಾರು ಅನ್ನುತ್ತೆ ಅದರ ಮೈ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತೆ. ಎರಡೂ ಕಣ್ಣು ನೆಟ್ಟು ನೇರವಾಗಿ ನೋಡುವುದು ಬೇಟೆಯಾಡುವ ಪ್ರಾಣಿಯ ರೀತಿ. ಪ್ರೀತಿಯಿಂದ ದಿಟ್ಟಿಸುವ ಮಗುವೂ ಹಕ್ಕಿಗೆ ಹಾಗೇ ಕಾಣುತ್ತೆ.

ಅದರ ಜುಟ್ಟು ನೋಡುವುದನ್ನು ಮೊದಲು ಕಲಿಸಿದೆ. ಜುಟ್ಟು ಅರ್ಧ ಎದ್ದು ಸಡಿಲವಾಗಿದ್ದರೆ ಹಕ್ಕಿ ನಿರಾಳ. ಪೂರ್ತಿ ನೆಟ್ಟಗೆ ನಿಂತರೆ ಏನೋ ಕಂಡಿದೆ, ಕೇಳಿಸಿದೆ. ತಲೆಗೆ ಅಂಟಿದ ಹಾಗೆ ಹಿಂದಕ್ಕೆ ಮಲಗಿ, ಬಾಯಿ ತೆರೆದು ಬುಸುಗುಟ್ಟಿದರೆ "ಇನ್ನು ಒಂದು ಹೆಜ್ಜೆ ಮುಂದೆ ಬರಬೇಡ" ಅಂತ. ಮೈಗರಿಗಳನ್ನು ಬಿಗಿ ಮಾಡಿ ಸಣ್ಣಗಾಗಿ ಕಲ್ಲಿನಂತೆ ನಿಂತಿದ್ದರೆ ಭಯ ತುಂಬಿಕೊಂಡಿದೆ ಅಂತ. ಇದನ್ನೇ ಬಹಳ ಜನ "ಎಷ್ಟು ಶಾಂತವಾಗಿದೆ ನೋಡಿ" ಅನ್ನುತ್ತಾರೆ. ಗಟ್ಟಿಯಾಗಿ ಹಿಡಿದುಕೊಂಡು ಕೂತರೆ ದಾರಿಗೆ ಬರುತ್ತೆ ಅನ್ನುವುದೂ ಈ ಸ್ಥಿತಿಯನ್ನು ನೋಡಿಯೇ. ಒದ್ದಾಡಿ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ ಹಕ್ಕಿಯನ್ನು ಪಳಗಿದೆ ಎಂದುಕೊಳ್ಳುವುದು ನನಗೆ ನಿಜಕ್ಕೂ ಸಂಕಟ ತರುತ್ತೆ.

ಮುತ್ತು ಅವತ್ತು ಇಡೀ ಹೊತ್ತು ಜುಟ್ಟು ಮಲಗಿಸಿಕೊಂಡೇ ಇತ್ತು.

ಅಡಿಗೆ ಮನೆಯ ತಕ್ಕಡಿಯ ಮೇಲೆ ಒಂದು ಕಡ್ಡಿ ಕಟ್ಟಿ ತೂಕ ನೋಡುವ ಯೋಚನೆಯಿತ್ತು, ಆದರೆ ಅದಕ್ಕೆ ಹಕ್ಕಿಯನ್ನು ಹಿಡಿಯಬೇಕಿತ್ತು. ಬೇಡ ಅಂದೆ. ಬದಲಿಗೆ ಎಷ್ಟು ಕಾಳು ಖಾಲಿಯಾಗುತ್ತೆ, ಹಿಕ್ಕೆ ಹೇಗಿದೆ, ಕೂತಾಗ ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಾ ಅಂತ ಗಮನಿಸಲು ಹೇಳಿದೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತೆ. ಹಕ್ಕಿಗಳನ್ನು ನೋಡುವ ಪಶುವೈದ್ಯರ ನಂಬರನ್ನು ಅವತ್ತೇ ಫ್ರಿಜ್ ಮೇಲೆ ಅಂಟಿಸಿದೆವು.

ಮನೆಯನ್ನು ಸರಿಮಾಡಿದ್ದು

ಪಂಜರ ಹಾಲ್‌ಗೆ ಬಂತು. ಒಂದು ಬದಿ ಗೋಡೆಗೆ ತಾಗಿ, ನಮ್ಮ ಎದೆಯ ಎತ್ತರಕ್ಕೆ. ಬೆನ್ನ ಹಿಂದೆ ಗೋಡೆ ಇದ್ದರೆ ಹಕ್ಕಿ ಒಂದು ದಿಕ್ಕಿನ ಚಿಂತೆ ಬಿಡಬಹುದು. ಒಳಗಿದ್ದ ನುಣುಪಾದ ಪ್ಲಾಸ್ಟಿಕ್ ಕಡ್ಡಿ ತೆಗೆದು ಸೀಬೆ ಮರದ ಕೊಂಬೆ ಹಾಕಿದೆವು. ಒಂದೊಂದು ಕಡೆ ಒಂದೊಂದು ದಪ್ಪ ಇದ್ದರೆ ಕಾಲಿಗೆ ಒಳ್ಳೆಯದು.

ಅಡಿಗೆ ಮನೆಯ ವಿಷಯ ಮಾತ್ರ ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು. ನಾನ್‌ಸ್ಟಿಕ್ ತವಾ ವಿಪರೀತ ಕಾದರೆ ಅದರ ಲೇಪನದಿಂದ ಬರುವ ಹೊಗೆ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲಬಲ್ಲದು. ನಮಗೆ ವಾಸನೆಯೂ ಗೊತ್ತಾಗದೆ ಹೋಗಬಹುದು. ಅಜ್ಜಿ ಅಟ್ಟದ ಮೇಲಿದ್ದ ಕಬ್ಬಿಣದ ಕಾವಲಿ ಇಳಿಸಿದರು. ದೋಸೆ ರುಚಿ ಹೆಚ್ಚಾಯಿತು ಅಂತ ಅವರ ತೀರ್ಪು. ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ ಹಕ್ಕಿ ಇರುವ ಕೋಣೆಯಲ್ಲಿ ಬೇಡ ಎಂದಾಗ ಅಜ್ಜಿ ಸ್ವಲ್ಪ ಹಿಂದೆಮುಂದೆ ನೋಡಿದರು. ಕೊನೆಗೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿ ತೆರೆಯುವುದೆಂದು ಆಯಿತು. ಕುಕ್ಕರ್ ಕೂಗಿದಾಗಲೆಲ್ಲ ಮುತ್ತು ಜಿಗಿಯುತ್ತಿತ್ತು. ಅದನ್ನು ತಪ್ಪಿಸಲಾಗದು, ಅಡಿಗೆ ಮನೆಯ ಬಾಗಿಲು ಹಾಕಬಹುದು ಅಷ್ಟೆ. ಕೆಲವು ವಾರದಲ್ಲಿ ಅದಕ್ಕೆ ಹೊಂದಿಕೊಂಡಿತು. ಆಮೇಲೆ ಕುಕ್ಕರಿನ ಹಾಗೆಯೇ ಸಿಳ್ಳೆ ಹಾಕಲು ಕಲಿಯಿತು!

ಬಟ್ಟಲುಗಳನ್ನು ಹೊರಗಿನಿಂದಲೇ ತಿರುಗಿಸಿ ತೆಗೆಯುವಂಥದ್ದಕ್ಕೆ ಬದಲಿಸಿದೆವು. ಪಂಜರದೊಳಗೆ ಕೈ ಹಾಕುವ ಅಗತ್ಯವೇ ಇರಬಾರದು, ಅದು ಮುಖ್ಯ.

ಟೈಲ್ಸ್ ಲೆಕ್ಕ

ಹುಡುಗಿಗೆ ಒಂದು ನೋಟ್‌ಬುಕ್ ಕೊಟ್ಟೆ. ಅವಳ ಕೆಲಸ ಹಕ್ಕಿಯನ್ನು ಮುಟ್ಟುವುದಲ್ಲ, ಜುಟ್ಟು ಬರೆಯುವುದು. ಹಾಲ್‌ನಲ್ಲಿ ಎರಡಡಿಯ ಟೈಲ್ಸ್ ಇದ್ದವು. ಪಂಜರದಿಂದ ಎಷ್ಟನೇ ಟೈಲ್ಸ್‌ಗೆ ಬಂದಾಗ ಜುಟ್ಟು ಹಿಂದಕ್ಕೆ ಮಲಗುತ್ತೆ ಎಂದು ಗುರುತು ಹಾಕಬೇಕು. ಮೊದಲು ಅದು ನಾಲ್ಕನೇ ಟೈಲ್ಸ್ ಆಗಿತ್ತು. ಹಾಗಾದರೆ ನಮ್ಮ ಜಾಗ ಐದನೇ ಟೈಲ್ಸ್. ಅಲ್ಲಿ ಕೂತು ಪಾಠ ಓದಿಕೊಳ್ಳಬೇಕು, ಗಟ್ಟಿಯಾಗಿ ಅಲ್ಲ, ಗೊಣಗಿದ ಹಾಗೆಯೂ ಅಲ್ಲ. ಹಕ್ಕಿಯ ಕಡೆ ಓರೆಯಾಗಿ ಕೂರಬೇಕು. ಹತ್ತಿರದಿಂದ ಹಾದು ಹೋಗಬೇಕಾದರೆ ಬಟ್ಟಲಿಗೆ ಒಂದೆರಡು ಸೂರ್ಯಕಾಂತಿ ಬೀಜ ಹಾಕಿ, ನಿಲ್ಲದೆ ಹೋಗಿಬಿಡಬೇಕು.

ಆ ನಿಲ್ಲದೆ ಹೋಗುವುದು ಇದೆಯಲ್ಲ, ಅದು ಎಲ್ಲರಿಗೂ ಕಷ್ಟ. ಬೀಜ ಹಾಕಿದ ಮೇಲೆ ತಿನ್ನುತ್ತಾ ಇಲ್ಲವಾ ನೋಡೋಣ ಎಂದು ನಿಂತುಬಿಡುತ್ತೇವೆ. ಹಕ್ಕಿಗೆ ಬೀಜಕ್ಕಿಂತ ದೊಡ್ಡ ಬಹುಮಾನ ನಾವು ದೂರ ಸರಿಯುವುದು. ಎರಡೂ ಒಟ್ಟಿಗೆ ಸಿಕ್ಕಿದರೆ, ಮನುಷ್ಯ ಬರುವುದೆಂದರೆ ಒಳ್ಳೆಯದು ಎಂದು ಅದು ಲೆಕ್ಕ ಹಾಕಲು ಶುರುಮಾಡುತ್ತೆ.

ಜುಟ್ಟು ಮಲಗಿತು ಅಂದರೆ ಒಂದು ಟೈಲ್ಸ್ ಹಿಂದೆ. ಇದೊಂದೇ ನಿಯಮ, ಮನೆಯ ಮೂವರಿಗೂ. ಬಂದ ನೆಂಟರಿಗೂ. ಮೊದಮೊದಲು ಹುಡುಗಿಗೆ ಇದು ಸೋತ ಹಾಗೆ ಅನ್ನಿಸುತ್ತಿತ್ತು. ಆದರೆ ಹಿಂದೆ ಸರಿದಷ್ಟೂ ಹಕ್ಕಿ ಬೇಗ ಸಡಿಲವಾಗುವುದನ್ನು ಅವಳ ನೋಟ್‌ಬುಕ್ಕೇ ತೋರಿಸಿತು. ನಾಲ್ಕು ಟೈಲ್ಸ್ ಮೂರಾಯಿತು, ಎರಡಾಯಿತು. ಕಚ್ಚಲು ಬರುವುದು ಕಡಿಮೆಯಾಯಿತು. ಜುಟ್ಟು ಮಲಗಿಸಿದರೇ ಸಾಕು ಜನ ಸರಿಯುತ್ತಾರೆ ಎಂದಾದ ಮೇಲೆ ಕೊಕ್ಕಿನ ಕೆಲಸ ಏನಿದೆ?

ಅಜ್ಜಿಯ ಹತ್ತಿರ

ಅದು ಮೊದಲು ಹತ್ತಿರ ಬಂದದ್ದು ಹುಡುಗಿಯ ಬಳಿಗಲ್ಲ, ಅಜ್ಜಿಯ ಬಳಿಗೆ. ಅವರು ಹಕ್ಕಿಯನ್ನು ಪಳಗಿಸಲು ಏನೂ ಮಾಡಿರಲಿಲ್ಲ. ಮಧ್ಯಾಹ್ನ ಪಂಜರದ ಪಕ್ಕದ ಚಾಪೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮೊರದ ಮೇಲೆ. ಕೈ ಒಂದೇ ಲಯದಲ್ಲಿ ಆಡುತ್ತಿತ್ತು. ಸಿಪ್ಪೆ ಒಡೆಯುವ ಸದ್ದಿಗೆ ಮುತ್ತು ಕೊಂಬೆಯ ಈ ತುದಿಗೆ ಸರಿದು, ತಲೆ ಓರೆ ಮಾಡಿ ನೋಡತೊಡಗಿತು. ಸ್ವಲ್ಪ ಹೊತ್ತಿಗೆ ಕೊಕ್ಕನ್ನು ಕರಕರ ಎಂದು ಮಸೆಯಲು ಶುರು ಮಾಡಿತು. ಕಾಕಟೀಲ್ ಹಾಗೆ ಮಾಡುವುದು ನೆಮ್ಮದಿಯಾಗಿ ತೂಕಡಿಕೆ ಬರುವಾಗ. ಅದನ್ನು ನೋಡಿ ಹುಡುಗಿ ಮುಖ ಸಪ್ಪೆ ಮಾಡಿಕೊಂಡಳು.

"ನನ್ನ ಹತ್ರ ಯಾಕಜ್ಜಿ ಹಿಂಗೆ ಬರಲ್ಲ ಅದು?"

"ನೀನು ಅದನ್ನೇ ನೋಡ್ತಾ ಕೂತ್ರೆ ಹೆಂಗೆ ಬರುತ್ತೆ ಪುಟ್ಟಿ? ನಿನ್ ಪಾಡಿಗೆ ನೀನಿರು."

ನಾನು ಹೇಳಿದ್ದಕ್ಕಿಂತ ಇದು ಸ್ಪಷ್ಟವಾಗಿತ್ತು. ಮರುದಿನದಿಂದ ಹುಡುಗಿಯೂ ಚಾಪೆಯ ಮೇಲೆ ಕೂತು ಅವರೆಕಾಯಿ ಬಿಡಿಸಿದಳು. ಆ ಸೀಸನ್‌ನಲ್ಲಿ ಆ ಮನೆಯಲ್ಲಿ ಹಿಸುಕಿದ ಅವರೆ ಸಾರು ಎಷ್ಟು ಸಲ ಆಯಿತೋ. ಹಸಿ ಅವರೆಕಾಳನ್ನು ಮಾತ್ರ ಹಕ್ಕಿಗೆ ಕೊಡಬಾರದು, ಬೇಯಿಸದ ಇಂಥ ಕಾಳುಗಳಲ್ಲಿ ವಿಷದ ಅಂಶ ಇರುತ್ತೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ ಕೂಡ ಬೇಡ. ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್ ತುರಿ, ಮೊಳಕೆ ಬಂದ ಹೆಸರುಕಾಳು ಕೊಡಬಹುದು. ಬರೀ ಒಣ ಬೀಜ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವ ಸಾಲದು, ಹಾಗಾಗಿ ಸೊಪ್ಪನ್ನು ಸರಳಿಗೆ ಕಟ್ಟಿ ರೂಢಿ ಮಾಡಿಸಿದೆವು.

ನವಣೆ ತೆನೆ ಮತ್ತು ಕಡ್ಡಿ

ವಿದೇಶದಲ್ಲಿ ಸಾಕುಹಕ್ಕಿಗಳಿಗೆ ಕೊಡುವ ತೆನೆ ನಮ್ಮ ನವಣೆಯದೇ. ಇಲ್ಲಿ ಸಿರಿಧಾನ್ಯ ಬೆಳೆಯುವವರ ಹತ್ತಿರ ಕೇಳಿದರೆ ಔಷಧಿ ಹೊಡೆಯದ ತೆನೆ ಸಿಗುತ್ತೆ. ಗೇಣುದ್ದದ ತೆನೆಯ ತುದಿ ಹಕ್ಕಿಯ ಕಡೆ, ಬುಡ ನಮ್ಮ ಕೈಯಲ್ಲಿ. ಕೈ ದೂರವೇ ಇರುತ್ತೆ, ಆದರೂ ಕೈಯಿಂದಲೇ ತಿಂದ ಹಾಗೆ. ಮೊದಲು ಸರಳಿನ ಸಂದಿಯಿಂದ ಕೊಟ್ಟೆವು. ಆಮೇಲೆ ಬಾಗಿಲು ತೆರೆದು, ಹೊಸಿಲಲ್ಲಿ ತೆನೆ ಹಿಡಿದೆವು. ದಿನ ಕಳೆದ ಹಾಗೆ ತೆನೆ ಗಿಡ್ಡವಾಗುತ್ತಾ ಬಂತು. ದಿನದ ಉಳಿದ ಹೊತ್ತಿನಲ್ಲಿ ತೆನೆ ಬಟ್ಟಲಿಗೆ ಹಾಕುವಂತಿಲ್ಲ, ಅದು ಕೈಯಿಂದ ಮಾತ್ರ ಸಿಗುವ ತಿಂಡಿ. ಹಾಗೆಂದು ಹಕ್ಕಿಯನ್ನು ಉಪವಾಸ ಇಡಬಾರದು. ಮಾಮೂಲಿ ಊಟ ಬಟ್ಟಲಲ್ಲಿ ಇದ್ದೇ ಇರಬೇಕು. ಹಸಿವಿನಿಂದ ಬಗ್ಗಿಸುವುದೂ ಬಲವಂತವೇ ಅಲ್ವಾ?

ಇದರ ಜೊತೆ ಕಡ್ಡಿ ಆಟ. ಐಸ್‌ಕ್ರೀಂ ಕಡ್ಡಿಯನ್ನು ಒಂದು ಗೇಣು ದೂರದಲ್ಲಿ ಹಿಡಿಯುವುದು. ಹಕ್ಕಿ ಕುತೂಹಲಕ್ಕೆ ಕೊಕ್ಕಿನಿಂದ ಮುಟ್ಟಿದ ಕ್ಷಣ "ಹ್ಞಾಂ" ಅನ್ನುವುದು, ತಕ್ಷಣ ಒಂದು ಕಾಳು. ಆ "ಹ್ಞಾಂ" ಸರಿಯಾದ ಹೊತ್ತಿಗೆ ಬೀಳಬೇಕು. ತಡವಾದರೆ ಯಾವುದಕ್ಕೆ ಕಾಳು ಸಿಕ್ಕಿತೆಂದು ಹಕ್ಕಿಗೆ ಗೊತ್ತಾಗುವುದಿಲ್ಲ. ಕಡ್ಡಿಯನ್ನು ಹಿಂಬಾಲಿಸಲು ಕಲಿತ ಮೇಲೆ ಹಕ್ಕಿಯನ್ನು ಮುಟ್ಟದೆಯೇ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು. ಪಂಜರದೊಳಗೂ! ಬಟ್ಟೆ ಎಸೆಯುವ ಪ್ರಮೇಯವೇ ಇಲ್ಲ. ಒಳಗೆ ಹೋದ ತಕ್ಷಣ ದೊಡ್ಡ ತಿಂಡಿ, ಬಾಗಿಲು ಒಂದೆರಡು ಸಲ ಹಾಕಿ ಮತ್ತೆ ತೆರೆಯುವುದು. ಒಳಗೆ ಹೋದರೆ ಎಲ್ಲ ಮುಗಿಯಿತು ಎಂಬ ಹಳೆಯ ಪಾಠ ಸಡಿಲವಾಗಲಿ ಅಂತ.

ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ಹಕ್ಕಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ನಿಲ್ಲಿಸಬೇಕು.

ಕೈ ಹತ್ತುವುದಕ್ಕೆ ಮೊದಲು ಒಂದು ಸೀಬೆ ಕೊಂಬೆ ಹತ್ತಲು ಕಲಿಸಿದೆವು. "ಹತ್ತು" ಎಂದು ಹೇಳಿ, ಹೊಟ್ಟೆಯ ಕೆಳಭಾಗದ ಮುಂದೆ, ಕಾಲಿಗಿಂತ ಸ್ವಲ್ಪ ಮೇಲೆ ಕೊಂಬೆ ಹಿಡಿಯಬೇಕು. ಎದೆಗೆ ಒತ್ತಬಾರದು. ಹತ್ತದಿದ್ದರೆ ಕೊಂಬೆ ಹಿಂದೆ. ಹತ್ತಿದರೆ ಕಾಳು. ಕೊಂಬೆಯ ಮೇಲಿನ ನಮ್ಮ ಕೈ ದಿನೇ ದಿನೇ ಹಕ್ಕಿಯ ಕಡೆ ಜರುಗುತ್ತಾ ಬಂದು, ಒಂದು ದಿನ ಅದರ ಒಂದು ಕಾಲು ಕೊಂಬೆಯ ಮೇಲೆ, ಇನ್ನೊಂದು ಕಾಲು ಅಮ್ಮನ ಬೆರಳಿನ ಮೇಲೆ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಹಕ್ಕಿ ಹೊಸ ಕೊಂಬೆ ಹತ್ತುವ ಮೊದಲು ಕೊಕ್ಕಿನಿಂದ ಹಿಡಿದು ಅದು ಗಟ್ಟಿಯಾಗಿದೆಯಾ ಎಂದು ನೋಡುತ್ತೆ. ಕೊಕ್ಕು ಅದಕ್ಕೆ ಮೂರನೇ ಕಾಲು. ಬೆರಳಿಗೂ ಹಾಗೇ ಕೊಕ್ಕು ಹಾಕುತ್ತೆ. ಕಚ್ಚಿತು ಎಂದು ನಾವು ಬೆರಳು ಎಳೆದುಕೊಂಡರೆ, ಈ ಕೊಂಬೆ ನಂಬುವಂಥದ್ದಲ್ಲ ಎಂದು ಅದು ತಿಳಿಯುತ್ತೆ. ಅಮ್ಮ ಇದನ್ನು ಬಹಳ ಬೇಗ ಕಲಿತರು. ಹುಡುಗಿಗೆ ಹಳೆಯ ಗಾಯದ ನೆನಪಿತ್ತು, ಬೆರಳು ತಾನೇ ಹಿಂದೆ ಹೋಗುತ್ತಿತ್ತು. ಅವಳನ್ನು ಅವಸರ ಮಾಡಲಿಲ್ಲ. ಅವಳು ಇನ್ನಷ್ಟು ದಿನ ಕೊಂಬೆಯನ್ನೇ ಹಿಡಿದಳು. ಹಕ್ಕಿಗೆ ಕೊಟ್ಟ ಸಮಯ ಮಗುವಿಗೂ ಕೊಡಬೇಕಲ್ಲ.

ಕರೆಂಟ್ ಹೋದ ರಾತ್ರಿ

ಎಲ್ಲ ಚೆನ್ನಾಗಿ ಸಾಗುತ್ತಿರುವಾಗ ಒಂದು ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಕೀ ಕೀ ಎಂದಿತು. ಕತ್ತಲಲ್ಲಿ ಮುತ್ತು ಬೆದರಿ ಪಂಜರದೊಳಗೆ ಬಡಿದಾಡಿತು. ಕತ್ತಲಲ್ಲಿ ಹೀಗೆ ಗಾಬರಿಗೊಳ್ಳುವುದು ಕಾಕಟೀಲ್‌ಗಳಲ್ಲಿ ಜಾಸ್ತಿ. ಹಲ್ಲಿಯ ನೆರಳು ಆಡಿದರೂ ಸಾಕು. ದೀಪ ಹಾಕಿ ನೋಡಿದರೆ ಎಡ ರೆಕ್ಕೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಆಗಷ್ಟೇ ಅದರ ಗರಿ ಉದುರಿ ಹೊಸದು ಬರುತ್ತಿದ್ದ ಕಾಲ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತೆ. ಅದು ಮುರಿದರೆ ನಲ್ಲಿ ಬಿಟ್ಟ ಹಾಗೆ ಸೋರುತ್ತೆ. ಹಕ್ಕಿಯ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟು ರಕ್ತ ಇರುತ್ತೆ ಅಂದುಕೊಳ್ಳಿ. ತೊಂಬತ್ತು ಗ್ರಾಂ ಹಕ್ಕಿಗೆ ಅದು ಒಂಬತ್ತು ಮಿಲಿಲೀಟರ್, ಎರಡು ಟೀ ಚಮಚಕ್ಕಿಂತ ಕಡಿಮೆ. ಕಾಯುತ್ತಾ ಕೂರುವ ಹಾಗಿಲ್ಲ. ಹಿಡಿಯಲೇಬೇಕು.

ಅಮ್ಮ ನನಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿಟ್ಟರು. ಒಂದು ಸಣ್ಣ ಟವೆಲ್, ಮೇಲಿಂದ ಎಸೆಯದೆ ಪಕ್ಕದಿಂದ ತಂದು ಸುತ್ತಿದರು. ಕತ್ತಿನ ಎರಡು ಬದಿಗೆ ಬೆರಳು, ತಲೆ ಅಲುಗದಷ್ಟು ಮಾತ್ರ. ಎದೆಯ ಮೇಲೆ ಒತ್ತಡ ಬೀಳಲೇಬಾರದು. ನಮಗಿರುವ ಹಾಗೆ ಹಕ್ಕಿಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ. ಎದೆಯ ಮೂಳೆ ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರಾಟ. ಮೂಗು ಬಾಯಿ ತೆರೆದಿದ್ದರೂ ಎದೆ ಅಮುಕಿದರೆ ಹಕ್ಕಿ ಉಸಿರುಗಟ್ಟಿ ಸಾಯುತ್ತೆ. ಪ್ರೀತಿಯಿಂದ ಮುಷ್ಟಿಯಲ್ಲಿ ಹಿಡಿದ ಮಕ್ಕಳ ಕೈಯಲ್ಲಿ ಹಕ್ಕಿಗಳು ಸಾಯುವುದು ಹೀಗೇ. ಈ ಒಂದು ಸಂಗತಿ ಹಕ್ಕಿ ಸಾಕುವ ಪ್ರತಿ ಮನೆಗೂ ಗೊತ್ತಿರಬೇಕು ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಅಜ್ಜಿ ಕಾರ್ನ್‌ಫ್ಲೋರ್ ತಂದರು. ಮುರಿದ ಗರಿಯ ತುದಿಗೆ ಅದನ್ನು ಒತ್ತಿ ಹಿಡಿದರು. ರಕ್ತ ನಿಂತಿತು. ಬೆಳಿಗ್ಗೆ ವೈದ್ಯರ ಬಳಿಗೆ ಕರೆದೊಯ್ದರು. ಅಲ್ಲಿ ತೂಕ 86 ಗ್ರಾಂ. ಗರಿಯನ್ನು ವೈದ್ಯರೇ ನೋಡಿಕೊಂಡರು, ಬೇರೆ ಪೆಟ್ಟಿರಲಿಲ್ಲ.

ಮನೆಗೆ ಬಂದ ಮುತ್ತು ಮತ್ತೆ ಜುಟ್ಟು ಮಲಗಿಸಿಕೊಂಡು ಮೂಲೆ ಸೇರಿತು. ಟೈಲ್ಸ್ ಲೆಕ್ಕ ಒಂದರಿಂದ ಮೂರಕ್ಕೆ ಹೋಯಿತು. ಹುಡುಗಿ ಅತ್ತಳು. ಎಲ್ಲ ಹಾಳಾಯಿತು ಎಂದು ಅಮ್ಮನೂ ಅಂದುಕೊಂಡರು.

ನಾನು ಹಾಗೆ ಅಂದುಕೊಳ್ಳಲಿಲ್ಲ. ಹಿಡಿದದ್ದು ತಪ್ಪಲ್ಲ, ಜೀವ ಉಳಿಸಲು ಹಿಡಿದದ್ದು. ಮುಂದೆಯೂ ಹಿಡಿಯಬೇಕಾಗಿ ಬರಬಹುದು, ಉಗುರಿಗೋ ಔಷಧಿಗೋ. ಹಾಗಾಗಿ ಹಳೆಯ ಹೆಜ್ಜೆಗಳನ್ನೇ ಮತ್ತೆ ಮೊದಲಿನಿಂದ ಶುರು ಮಾಡಿದೆವು, ಜೊತೆಗೆ ಟವೆಲ್ಲನ್ನೂ ಸೇರಿಸಿದೆವು. ಆ ರಾತ್ರಿಯ ಟವೆಲ್ ಅಲ್ಲ, ಬೇರೆ ಬಣ್ಣದ್ದು. ಮೊದಲು ದೂರದ ಕುರ್ಚಿಯ ಮೇಲೆ ಮಡಿಸಿ ಇಟ್ಟೆವು. ಆಮೇಲೆ ಟೇಬಲ್ ಮೇಲೆ ಹಾಸಿ ಅದರ ಮೇಲೆ ನವಣೆ ಚೆಲ್ಲಿದೆವು. ಆಮೇಲೆ ಒಂದು ಅಂಚು ಸ್ವಲ್ಪ ಎತ್ತುವುದು, ಅದರಡಿಯಿಂದ ಕಡ್ಡಿ ತೋರಿಸುವುದು. ಮುತ್ತು ಟವೆಲ್ಲಿನ ಅಡಿಗೆ ನುಗ್ಗಿ ಆಚೆ ಬರಲು ಕಲಿಯಿತು. ಇದು ತಿಂಗಳುಗಳ ಕೆಲಸ. ಆದರೆ ಎರಡನೇ ಸಲ ನಂಬಿಕೆ ಮೊದಲಿಗಿಂತ ಬೇಗ ಬಂತು. ಹಿಂದೆ ಸರಿಯುವ ನಿಯಮವನ್ನು ಮನೆಯವರು ಒಂದು ದಿನವೂ ಮುರಿಯದೆ ಇದ್ದದ್ದೇ ಅದಕ್ಕೆ ಕಾರಣ ಎಂದು ನನ್ನ ನಂಬಿಕೆ.

ಅಂದಿನಿಂದ ಹಾಲ್‌ನಲ್ಲಿ ರಾತ್ರಿ ಒಂದು ಮಂದ ದೀಪ ಉರಿಯುತ್ತೆ, ಕರೆಂಟ್ ಹೋದರೂ ಆರದಂಥದ್ದು. ಯುಪಿಎಸ್ ಬೇರೆ ಕೋಣೆಗೆ ಹೋಯಿತು. ಪಂಜರಕ್ಕೆ ಮೂರು ಕಡೆ ಹೊದಿಕೆ. ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು ಇವಕ್ಕೆ, ಹಾಗಾಗಿ ಟಿವಿಯನ್ನೂ ಬೇಗ ಆರಿಸುತ್ತಾರೆ.

ಹಾರಲು ಬಂದಾಗ

ಕತ್ತರಿಸಿದ ಗರಿಗಳ ಜಾಗದಲ್ಲಿ ಹೊಸವು ಪೂರ್ತಿ ಬಂದ ಮೇಲೆ ಮುತ್ತು ಹಾರಿತು. ಮತ್ತೆ ಕತ್ತರಿಸಬೇಕಾ ಎಂದು ಅಮ್ಮ ಕೇಳಿದರು. ಬೇಡವೆಂದೆ. ಹಾರಲು ಬರುವ ಹಕ್ಕಿ ನಮ್ಮ ಹತ್ತಿರ ಬಂದರೆ, ಬೇಕೆಂದೇ ಬಂದಿರುತ್ತೆ.

ಅದಕ್ಕೆ ಮನೆ ಸಿದ್ಧವಿರಬೇಕು, ಅಷ್ಟೆ. ನಮ್ಮ ಮನೆಗಳಲ್ಲಿ ದೊಡ್ಡ ಅಪಾಯ ಸೀಲಿಂಗ್ ಫ್ಯಾನ್. ಹಕ್ಕಿ ಹೊರಗಿರುವಾಗ ಫ್ಯಾನ್ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸುವುದು ಹುಡುಗಿಯ ಜವಾಬ್ದಾರಿ. ಯಾರೋ ಬಂದು ಅಭ್ಯಾಸಬಲದಿಂದ ಸ್ವಿಚ್ ಒತ್ತಬಾರದಲ್ಲ. ಕಿಟಕಿಗೆ ಜಾಲರಿ, ಕನ್ನಡಿಗೆ ಬಟ್ಟೆ, ಬಕೆಟ್ಟಿಗೆ ಮುಚ್ಚಳ, ಬಚ್ಚಲಿನ ಬಾಗಿಲು ಬಂದ್.

ಈಗಿನ ಸ್ಥಿತಿ

ಮುತ್ತು ಈಗ ಅಮ್ಮನ ಬೆರಳು ಹತ್ತುತ್ತೆ, ಅಜ್ಜಿಯ ಹೆಗಲಿಗೆ ಹಾರಿ ಬರುತ್ತೆ. ಹುಡುಗಿ ಹೋಂವರ್ಕ್ ಮಾಡುವಾಗ ಟೇಬಲ್ ಮೇಲೆ ಓಡಾಡಿ ಪೆನ್ಸಿಲ್ ಉರುಳಿಸುತ್ತೆ. ಅವಳ ಮುಂದೆ ತಲೆ ಬಗ್ಗಿಸಿ ಕತ್ತು ತುರಿಸಿಕೊಳ್ಳುತ್ತೆ. ತುರಿಸುವುದು ತಲೆ ಮತ್ತು ಕತ್ತಿಗೆ ಮಾತ್ರ. ಬೆನ್ನು, ರೆಕ್ಕೆಯ ಅಡಿ ಸವರಿದರೆ ಹಕ್ಕಿಗೆ ಅದು ಜೋಡಿ ಕಟ್ಟುವ ಸೂಚನೆ, ಅದರಿಂದ ಸಿಡುಕುತನ ಬರುತ್ತೆ. ಎರಡು ಸಲ ತುರಿಸಿ ಕೈ ತೆಗೆಯುತ್ತಾಳೆ. ತಲೆ ಮತ್ತೆ ಬಗ್ಗಿದರೆ ಮುಂದುವರಿಸುತ್ತಾಳೆ, ಇಲ್ಲವಾದರೆ ಇಲ್ಲ. ತಕ್ಕಡಿಯ ಮೇಲಿನ ಕಡ್ಡಿಯನ್ನು ತಾನೇ ಹತ್ತುತ್ತೆ. ತೂಕ 94 ಗ್ರಾಂ. ವಾರಕ್ಕೊಮ್ಮೆ ಬರೆದಿಡುತ್ತಾರೆ. ಹತ್ತನೇ ಒಂದು ಭಾಗ ಇಳಿದರೆ ವೈದ್ಯರ ಬಳಿಗೆ ಓಡಬೇಕೆಂದು ನೋಟ್‌ಬುಕ್ಕಿನ ಮೇಲೆಯೇ ಬರೆದಿದೆ.

ಮೈಯಿಂದ ಉದುರುವ ಬಿಳಿ ಪುಡಿ ಕಾಕಟೀಲ್‌ಗಳಲ್ಲಿ ಜಾಸ್ತಿ. ಅಜ್ಜಿಗೆ ಸ್ವಲ್ಪ ಕೆಮ್ಮು ಬಂದಿತ್ತು. ವಾರಕ್ಕೆ ಕೆಲವು ಸಲ ಹಕ್ಕಿಗೆ ಸ್ನಾನಕ್ಕೆ ತಟ್ಟೆಯಲ್ಲಿ ನೀರು, ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಇಷ್ಟರಿಂದ ಕಡಿಮೆಯಾಗಿದೆ.

ಆಗದೇ ಇರುವುದೂ ಇದೆ. ಗಂಡಸರ ದಪ್ಪ ಕೈ ಕಂಡರೆ ಇನ್ನೂ ಬೆಚ್ಚುತ್ತೆ. ಊರಿಂದ ಬರುವ ಮಾವನಿಗೆ ಮೂರನೇ ಟೈಲ್ಸೇ ಗಡಿ, ಅವರು ಅಲ್ಲೇ ಕೂತು ಸಿಳ್ಳೆ ಹಾಕುತ್ತಾರೆ, ಅದು ಉತ್ತರ ಕೊಡುತ್ತೆ. ಬೆನ್ನ ಮೇಲೆ ಕೈ ಇಡಲು ಯಾರಿಗೂ ಬಿಡುವುದಿಲ್ಲ. ಅದನ್ನು ಬದಲಿಸುವ ಅಗತ್ಯ ನಮಗೆ ಕಂಡಿಲ್ಲ, ಪ್ರಯತ್ನವನ್ನೂ ಮಾಡುತ್ತಿಲ್ಲ.

ಚೆನ್ನಾಗಿ ನೋಡಿಕೊಂಡರೆ ಕಾಕಟೀಲ್ ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತೆ. ಹುಡುಗಿ ಕಾಲೇಜಿಗೆ ಹೋದ ಮೇಲೂ ಇದು ಇರುತ್ತೆ. ಹಾಗಾಗಿ ಅದು ಒಬ್ಬರಿಗೇ ಅಂಟಿಕೊಳ್ಳದಿರಲಿ ಎಂದು ತಿಂಡಿ ಕೊಡುವ ಕೆಲಸವನ್ನು ಮೂವರೂ ಸರದಿಯಲ್ಲಿ ಮಾಡುತ್ತಾರೆ. ಸದ್ಯ ಮುಂದಿರುವುದು ದೀಪಾವಳಿ. ಒಳಕೋಣೆಯಲ್ಲಿ ಪಂಜರಕ್ಕೆ ಜಾಗ ಮಾಡಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ಇದ್ದು ಬರುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸುತ್ತಿದ್ದಾರೆ, ಕಡ್ಡಿ ತೋರಿಸಿ, ನವಣೆ ತೆನೆ ಕೊಟ್ಟು. ಪಟಾಕಿಯ ಸದ್ದನ್ನು ಮೊಬೈಲ್‌ನಲ್ಲಿ ತೀರಾ ಸಣ್ಣಗೆ ಹಾಕಿ, ಜುಟ್ಟು ನೋಡಿಕೊಂಡು, ಒಂದೊಂದೇ ಗೆರೆ ಏರಿಸುತ್ತಿದ್ದಾರೆ. ನಿನ್ನೆ ಮೂರನೇ ಗೆರೆಗೆ ಜುಟ್ಟು ಮಲಗಿತಂತೆ. ಇವತ್ತು ಎರಡಕ್ಕೆ ಇಳಿಸಿದ್ದಾರೆ.